ಹಾಸನ, ಚಿಕ್ಕಮಗಳೂರಿನಿಂದ ಕರಾವಳಿಗೆ ಇಬ್ಬರ ಮೂರು ದಿನದ ಕಾರು ಪ್ರಯಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ವಾಸವಾಗಿರುವ ನಾನೂ ನಮ್ಮ ಮನೆಯವರೂ ಮದುವೆಯಾದ ಮೊದಲ ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಚಳಿಗಾಲದಲ್ಲಿ ಮೂರು ಹಗಲು, ಎರಡು ರಾತ್ರಿಯ ಮಟ್ಟಿಗೆ ನಮ್ಮದೇ ಕಾರಿನಲ್ಲಿ ಘಟ್ಟ ಇಳಿದು ಉಡುಪಿಯ ಕಡೆಗೆ ಹೋಗಿ ಬರುತ್ತೇವೆ. ಬಂಧುಗಳಲ್ಲಿ ಯಾರದಾದರೂ ಮದುವೆಯಾದಾಗ, ಅಥವಾ ಮಕ್ಕಳು ಓದಲು ಬೇರೆ ಊರಿಗೆ ಹೋಗಿ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಾಗ, ಈ ಪ್ರಯಾಣದ ಬಗ್ಗೆ ನಮ್ಮನ್ನು ಕೇಳುತ್ತಾರೆ. ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅವುಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಮೂರು ದಿನದಲ್ಲಿ ಕರಾವಳಿಯನ್ನು ಎಷ್ಟು ನೋಡಬಹುದು?

ಜನ ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ ನೋಡಬಹುದು, ಮತ್ತು ಕಡಿಮೆ ನೋಡುವುದೇ ಒಳ್ಳೆಯದು. ನಮ್ಮ ರಾಜ್ಯದ ಕಡಲತೀರದ ಉದ್ದ ಸುಮಾರು 320 ಕಿಲೋಮೀಟರ್. ಮೊದಲ ವರ್ಷ ನಾವು ಮಂಗಳೂರಿನಿಂದ ಹಿಡಿದು ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣದವರೆಗೆ ಒಂದೇ ಉಸಿರಿನಲ್ಲಿ ಹೋಗಿ, ಬರುವಾಗ ಧರ್ಮಸ್ಥಳವನ್ನೂ ಮುಟ್ಟಿ ಬಂದೆವು. ಮನೆಗೆ ಬಂದು ಯೋಚಿಸಿದಾಗ, ಮೂರು ದಿನವೂ ಕಡಲನ್ನು ಕಾರಿನ ಗಾಜಿನ ಆಚೆಗೇ ನೋಡಿದ್ದೆವು, ಇಬ್ಬರೂ ಜೊತೆಯಾಗಿ ಕುಳಿತು ಮಾತನಾಡಿದ್ದು ಪೆಟ್ರೋಲ್ ಬಂಕಿನಲ್ಲಿ ಮತ್ತು ಊಟದ ಮೇಜಿನಲ್ಲಿ ಮಾತ್ರ ಎಂಬುದು ತಿಳಿಯಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ. ಎರಡು ರಾತ್ರಿ ಇದ್ದರೆ ಎರಡೂ ರಾತ್ರಿ ಒಂದೇ ಊರಿನಲ್ಲಿ ಮಲಗಬೇಕು, ಮತ್ತು ಆ ಊರಿನಿಂದ ಒಂದೂವರೆ ಗಂಟೆಗಿಂತ ದೂರ ಇರುವ ಯಾವ ಜಾಗಕ್ಕೂ ಹೋಗಬಾರದು. ಹಾಸನ, ಚಿಕ್ಕಮಗಳೂರಿನವರಿಗೆ ಉಡುಪಿಯನ್ನು ನೆಲೆಯಾಗಿಟ್ಟುಕೊಂಡು ದಕ್ಷಿಣದಲ್ಲಿ ಕಾಪು, ಉತ್ತರದಲ್ಲಿ ಮರವಂತೆ, ಇವೆರಡರ ನಡುವಿನ ತೀರವನ್ನು ನೋಡುವುದು ಅನುಕೂಲ. ಕೆಳಗಿನ ಉತ್ತರಗಳೆಲ್ಲ ಈ ಮಿತಿಯೊಳಗಿನವು.

ಯಾವ ತಿಂಗಳಿನಲ್ಲಿ ಹೋಗಬೇಕು?

ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ. ಮಾರ್ಚ್ ಬಂದರೆ ನಮ್ಮ ಕಡೆ ಕಾಫಿ ಹೂವಿನ ಮಳೆಗಾಗಿ ಮುಗಿಲು ನೋಡುವ ಕಾಲ, ಅತ್ತ ಕರಾವಳಿಯಲ್ಲಿ ಸೆಕೆ ಮೈಗೆ ಅಂಟಿಕೊಳ್ಳುವ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಕಾದರೆ ಹಗಲಿನ ನಡುವಿನ ಐದು ಗಂಟೆಗಳನ್ನು ಲೆಕ್ಕದಿಂದ ತೆಗೆದುಹಾಕಿ ಯೋಜನೆ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವಂತಿಲ್ಲ, ದ್ವೀಪಕ್ಕೆ ದೋಣಿ ಇರುವುದಿಲ್ಲ, ಘಟ್ಟದಲ್ಲಿ ಗುಡ್ಡ ಯಾವಾಗ ಜರಿಯುತ್ತದೆಂದು ಹೇಳಲಾಗುವುದಿಲ್ಲ. ಮಳೆಗಾಲದ ಘಟ್ಟದ ಚೆಲುವನ್ನು ನೋಡಬೇಕೆನ್ನುವವರು ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಉಳಿದು ನೋಡುವುದು ಮೇಲು.

ಯಾವ ಘಟ್ಟದಲ್ಲಿ ಇಳಿಯಬೇಕು: ಶಿರಾಡಿಯೋ, ಚಾರ್ಮಾಡಿಯೋ, ಆಗುಂಬೆಯೋ?

ಎಲ್ಲಿಂದ ಹೊರಡುತ್ತೀರಿ, ಸ್ಟೀರಿಂಗ್ ಹಿಡಿಯುವವರಿಗೆ ಘಟ್ಟದ ಅಭ್ಯಾಸ ಎಷ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ಶಿರಾಡಿ ಹಾಸನದವರ ನೇರ ದಾರಿ. ಸಕಲೇಶಪುರದವರೆಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ, ಬಿ.ಸಿ. ರೋಡ್ ಮೂಲಕ ಮಂಗಳೂರು, ಬಳಿಕ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ತಿರುಗಿದರೆ ಉಡುಪಿ. ಘಟ್ಟದ ಮುಖ್ಯ ಭಾಗಕ್ಕೆ 2015 ಮತ್ತು 2018ರಲ್ಲಿ ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಿರುವುದರಿಂದ ರಸ್ತೆ ಅಗಲವಾಗಿದೆ, ತಿರುವುಗಳು ಸೌಮ್ಯವಾಗಿವೆ. ಆದರೆ ಮಂಗಳೂರು ಬಂದರಿಗೆ ಹೋಗಿ ಬರುವ ಟ್ಯಾಂಕರುಗಳು, ಲಾರಿಗಳು ಇದೇ ದಾರಿಯನ್ನು ಹಿಡಿಯುವುದರಿಂದ ಅವುಗಳ ಹಿಂದೆ ತಾಳ್ಮೆಯಿಂದ ಹೋಗಲು ಬಾರದವರಿಗೆ ಇದು ಹೇಳಿದ ದಾರಿಯಲ್ಲ. ಮಳೆಗಾಲದಲ್ಲಿ ಇದು ಪದೇ ಪದೇ ಮುಚ್ಚುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ.

ಚಾರ್ಮಾಡಿ ನನಗೆ ಅತ್ಯಂತ ಪ್ರಿಯವಾದ ದಾರಿ. ಹಾಸನದವರು ಬೇಲೂರು, ಮೂಡಿಗೆರೆಯ ಮೇಲೆ, ಚಿಕ್ಕಮಗಳೂರಿನವರು ನೇರವಾಗಿ ಮೂಡಿಗೆರೆಯ ಮೇಲೆ ಬಂದು ಕೊಟ್ಟಿಗೆಹಾರ ತಲುಪಬೇಕು. ಕೊಟ್ಟಿಗೆಹಾರದ ಹೋಟೆಲುಗಳ ನೀರುದೋಸೆ ಹೆಸರಾದದ್ದು, ಬೆಳಗಿನ ತಿಂಡಿಗೆ ಅಲ್ಲಿ ನಿಲ್ಲುವಂತೆ ಹೊರಡುವ ಸಮಯವನ್ನು ಹೊಂದಿಸಿಕೊಳ್ಳಿ. ಅಲ್ಲಿಂದ ಇಳಿಜಾರು ಆರಂಭವಾಗುತ್ತದೆ. ದಾರಿಯಲ್ಲಿ ಅಣ್ಣಪ್ಪಸ್ವಾಮಿಯ ಗುಡಿ ಇದೆ, ಚಾಲಕರು ವಾಹನ ನಿಲ್ಲಿಸಿ ಕೈಮುಗಿದು ಮುಂದೆ ಹೋಗುವುದು ಅಲ್ಲಿನ ವಾಡಿಕೆ. ರಸ್ತೆ ಶಿರಾಡಿಗಿಂತ ಕಿರಿದು, ತಿರುವುಗಳು ಕಡಿದು. 2019ರ ಆಗಸ್ಟ್‌ನ ಮಳೆಯಲ್ಲಿ ಇಲ್ಲಿ ಅನೇಕ ಕಡೆ ಭೂಕುಸಿತವಾಗಿ ಘಟ್ಟಕ್ಕೆ ಭಾರೀ ಪೆಟ್ಟು ಬಿದ್ದಿತು. ಕೆಳಗಿಳಿದ ಮೇಲೆ ಉಜಿರೆ, ಬೆಳ್ತಂಗಡಿ ದಾಟಿ ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿ ನಾರಾವಿ, ಬಜಗೋಳಿ, ಕಾರ್ಕಳದ ಮೂಲಕ ಉಡುಪಿ ಸೇರಬಹುದು. ಮಂಗಳೂರು ನಗರದ ವಾಹನ ದಟ್ಟಣೆಯನ್ನು ಮುಟ್ಟಬೇಕಾಗಿಲ್ಲ ಎಂಬುದು ಈ ದಾರಿಯ ದೊಡ್ಡ ಅನುಕೂಲ.

ಆಗುಂಬೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯವರಿಗೆ ಹತ್ತಿರ. 14 ಹೇರ್‌ಪಿನ್ ತಿರುವುಗಳಿರುವ ಈ ಘಟ್ಟವನ್ನು ಇಳಿದರೆ ಸೋಮೇಶ್ವರ, ಹೆಬ್ರಿಯ ಮೂಲಕ ಉಡುಪಿ ಬೇಗ ಸಿಗುತ್ತದೆ. ತಿರುವುಗಳು ಬಹಳ ಇಕ್ಕಟ್ಟಾಗಿರುವುದರಿಂದ ಹೊಸ ಚಾಲಕರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಕಳಸದಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ನಡುವೆ ಹಾಯ್ದು ಕಾರ್ಕಳಕ್ಕೆ ಇಳಿಯುವ ನಾಲ್ಕನೆಯ ದಾರಿಯೂ ಇದೆ. ಶೋಲಾ ಕಾಡು, ಹುಲ್ಲುಗಾವಲು ಎರಡನ್ನೂ ಒಟ್ಟಿಗೆ ತೋರಿಸುವ ದಾರಿ ಅದು. ಕಾಡಿನೊಳಗೆ ಗಾಡಿ ನಿಲ್ಲಿಸಿ ಊಟ ಮಾಡುವುದು, ಕಸ ಎಸೆಯುವುದು ಸಲ್ಲದು.

ಯಾವ ದಾರಿಯಾದರೂ ಹೊರಡುವ ಹಿಂದಿನ ರಾತ್ರಿ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿ. ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟ ಇರುವುದರಿಂದ ಸೂರ್ಯೋದಯಕ್ಕೆ ಮೊದಲು ಮತ್ತು ಕತ್ತಲಾದ ಮೇಲೆ ಆ ಭಾಗದಲ್ಲಿ ಇರದಂತೆ ನೋಡಿಕೊಳ್ಳಿ.

ಘಟ್ಟ ಇಳಿಸುವಾಗ ಯಾವುದಕ್ಕೆ ಗಮನ ಕೊಡಬೇಕು?

ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಇನ್ನೂ ಎತ್ತರ. ಈ ಎತ್ತರದ ಬಹುಭಾಗವನ್ನು ನೀವು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಒಳಗೆ ಇಳಿದು ಮುಗಿಸುತ್ತೀರಿ. ಹಾಗಾಗಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯ ವರ್ಷ ಚಾರ್ಮಾಡಿಯಲ್ಲಿ ನಾನೇ ಗಾಡಿ ಓಡಿಸುತ್ತಿದ್ದಾಗ ಸುಟ್ಟ ರಬ್ಬರಿನಂಥ ವಾಸನೆ ಒಳಗೆ ತುಂಬಿಕೊಂಡಿತು. ಅಗಲವಾದ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಚಕ್ರಗಳು ಆರುವವರೆಗೆ ಕಾದು ಹೊರಟೆವು. ಅಂದು ಕಲಿತದ್ದು ಇಷ್ಟು: ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಬೇಕು. ಆಗ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕನ್ನು ಆಗಾಗ ಒತ್ತಿ ಬಿಟ್ಟರೆ ಸಾಕಾಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವ ಯೋಚನೆಯನ್ನು ಘಟ್ಟದಲ್ಲಿ ಖಂಡಿತ ಮಾಡಬೇಡಿ. ರಸ್ತೆ ಇಕ್ಕಟ್ಟಾದ ಕಡೆ ಏರಿ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕು ಎಂಬುದು ನಿಯಮ, ಇಳಿಯುವವರು ನಿಂತು ಕಾಯಬೇಕು. ಮಂಜು ಕವಿದಿದ್ದರೆ ಹೆಡ್‌ಲೈಟನ್ನು ಕೆಳಮುಖವಾಗಿಟ್ಟು, ತಿರುವಿಗೆ ಮೊದಲು ಹಾರ್ನ್ ಮಾಡಿ, ಎದುರಿನವರ ಉತ್ತರ ಕೇಳಿ ಮುಂದುವರಿಯಿರಿ. ಕೋತಿಗಳಿಗೆ ತಿನ್ನಲು ಕೊಡಬೇಡಿ, ತಿರುವಿನಲ್ಲಿ ಕಾರುಗಳು ನಿಲ್ಲುವುದಕ್ಕೂ ಕೋತಿಗಳು ಚಕ್ರಕ್ಕೆ ಸಿಗುವುದಕ್ಕೂ ಅದೇ ಕಾರಣ.

ನನ್ನ ಹೆಂಡತಿಗೆ ಘಟ್ಟದಲ್ಲಿ ತಲೆ ಸುತ್ತಿ ವಾಂತಿಯಾಗುತ್ತದೆ. ಏನು ಮಾಡಬೇಕು?

ಮುಂದಿನ ಸೀಟಿನಲ್ಲಿ ಕೂರಿಸಿ, ಗಾಜು ಸ್ವಲ್ಪ ಇಳಿಸಿ, ದೂರದ ರಸ್ತೆಯನ್ನು ನೋಡುತ್ತಿರಲು ಹೇಳಿ. ಮೊಬೈಲ್ ನೋಡುವುದು ಬೇಡ. ಇಳಿಯುವ ಮೊದಲು ಹೊಟ್ಟೆ ತುಂಬ ತಿನ್ನದೆ, ಹಾಗೆಂದು ಖಾಲಿಯೂ ಬಿಡದೆ ಎರಡು ನೀರುದೋಸೆಗೆ ನಿಲ್ಲಿಸಬೇಕು. ಸ್ಟೀರಿಂಗ್ ಹಿಡಿದವರಿಗೆ ಸಾಮಾನ್ಯವಾಗಿ ತಲೆ ಸುತ್ತುವುದಿಲ್ಲ. ಅವರಿಗೆ ಚಾಲನೆ ಚೆನ್ನಾಗಿ ಬರುವುದಾದರೆ ಅವರಿಗೇ ಗಾಡಿ ಕೊಟ್ಟು ನೀವು ಪಕ್ಕದಲ್ಲಿ ಕುಳಿತುಕೊಳ್ಳಿ.

ಎಲ್ಲಿ ತಂಗಬೇಕು? ದಂಪತಿಗಳಿಗೆ ಯಾವ ದಾಖಲೆ ಬೇಕು?

ಉಡುಪಿ ಪೇಟೆಯಲ್ಲಿ ತಂಗಿದರೆ ಊಟ, ಮಠ, ಔಷಧದ ಅಂಗಡಿ ಎಲ್ಲವೂ ಹತ್ತಿರ. ಸುಮಾರು 6 ಕಿಲೋಮೀಟರ್ ದೂರದ ಮಲ್ಪೆಯಲ್ಲಿ ಅಥವಾ ಕಾಪುವಿನಲ್ಲಿ ತಂಗಿದರೆ ರಾತ್ರಿ ಅಲೆಗಳ ಸದ್ದು ಕಿವಿಗೆ ಬೀಳುತ್ತದೆ. ಇಬ್ಬರೇ ಹೋಗುವವರಿಗೆ ಎರಡನೆಯದನ್ನೇ ಹೇಳುತ್ತೇನೆ. ಇಬ್ಬರೂ ಅವರವರ ಗುರುತಿನ ಚೀಟಿಯ ಮೂಲ ಪ್ರತಿಯನ್ನು ಇಟ್ಟುಕೊಳ್ಳಬೇಕು. ಹೊಸದಾಗಿ ಮದುವೆಯಾದವರ ಆಧಾರ್ ಚೀಟಿಯಲ್ಲಿ ಹೆಂಡತಿಯ ತವರಿನ ವಿಳಾಸವೇ ಇರುವುದು ಸಹಜ, ಅದರಿಂದ ತೊಂದರೆಯಾಗಬಾರದು. ಆದರೆ ಕೆಲವು ವಸತಿಗೃಹಗಳು ತಮ್ಮದೇ ನಿಯಮ ಇಟ್ಟುಕೊಂಡಿರುವುದರಿಂದ ಕಾಯ್ದಿರಿಸುವಾಗಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು. ಒಮ್ಮೆ ಎಸಿ ಕೊಠಡಿ ಎಂದು ಮುಂಗಡ ಹಣ ಕಟ್ಟಿ ಹೋದಾಗ ಯಂತ್ರ ಕೆಟ್ಟು ಎರಡು ವಾರವಾಗಿತ್ತು. ಫೆಬ್ರವರಿಯ ಕೊನೆಯ ಆ ರಾತ್ರಿ ನಾವಿಬ್ಬರೂ ಒದ್ದೆ ಟವೆಲ್ ಹೊದ್ದುಕೊಂಡು ಕುಳಿತು ಬೆಳಗು ಮಾಡಿದೆವು. ಈಗ ಕೊಠಡಿಯೊಳಗೆ ಹೋಗಿ, ಎಸಿ ಹಾಕಿ ನೋಡಿ, ನಲ್ಲಿಯ ನೀರು ಉಪ್ಪೋ ಸಿಹಿಯೋ ಎಂದು ಪರೀಕ್ಷಿಸಿ, ಬಳಿಕವೇ ಚೀಲ ಇಳಿಸುತ್ತೇವೆ.

ಅಲ್ಲಿನ ಸೆಕೆಯನ್ನು ಮಲೆನಾಡಿನವರು ತಡೆದುಕೊಳ್ಳುವುದು ಹೇಗೆ?

ಈ ಪ್ರಶ್ನೆಗೆ ಸರಿಯಾದ ಉತ್ತರ ತಿಳಿದರೆ ಪ್ರಯಾಣದ ಅರ್ಧ ಕಷ್ಟ ಕಳೆದಂತೆ. ಥರ್ಮಾಮೀಟರ್ ನೋಡಿದರೆ ಕರಾವಳಿಯ ಬಿಸಿ ಬಯಲುಸೀಮೆಯ ಬೇಸಗೆಗಿಂತ ಹೆಚ್ಚೇನಲ್ಲ, 32, 33 ಡಿಗ್ರಿ ಇರಬಹುದು. ಆದರೆ ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನಮ್ಮ ಊರಿನಲ್ಲಿ ಮರದ ನೆರಳಿಗೆ ಹೋದರೆ ಸಿಗುವ ತಂಪು ಅಲ್ಲಿ ಸಿಗದಿರುವುದಕ್ಕೆ ಇದೇ ಕಾರಣ. ರಾತ್ರಿಯೂ ಕಡಲು ಬೇಗ ತಣ್ಣಗಾಗದಿರುವುದರಿಂದ ಹಾಸನದವರು ಕಾಯುವ ರಾತ್ರಿಯ ಚಳಿ ಬರುವುದೇ ಇಲ್ಲ.

ಆದ್ದರಿಂದ ಅಲ್ಲಿನವರ ದಿನಚರಿಯನ್ನೇ ಹಿಡಿಯಬೇಕು. ಬೆಳಿಗ್ಗೆ ಆರರಿಂದ ಹತ್ತೂವರೆಯವರೆಗೆ ತಿರುಗಾಟ, ಹನ್ನೊಂದರಿಂದ ನಾಲ್ಕರವರೆಗೆ ನೆರಳು, ಊಟ, ನಿದ್ದೆ, ನಾಲ್ಕರ ಬಳಿಕ ಕಡಲು. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲ ಕಡೆಯಿಂದ ಗಾಳಿ ಬೀಸುತ್ತದೆ. ಕೊಠಡಿಯ ಪಶ್ಚಿಮದ ಕಿಟಕಿ ತೆರೆದರೆ ಆ ಗಾಳಿ ಸಿಗುತ್ತದೆ. ಹತ್ತಿಯ ಸಡಿಲ ಬಟ್ಟೆಗಳನ್ನು ದಿನಕ್ಕೆ ಎರಡು ಜೊತೆಯಂತೆ ಲೆಕ್ಕ ಹಾಕಿ ಒಯ್ಯಿರಿ, ಒಗೆದದ್ದು ಅಲ್ಲಿ ಬೇಗ ಒಣಗುವುದಿಲ್ಲ. ಉಪ್ಪು ಬೆರೆಸಿದ ನಿಂಬೆ ಶರಬತ್ತು, ಎಳನೀರು, ಪುನರ್ಪುಳಿಯ (ಮುರುಗಲು ಹಣ್ಣಿನ) ಶರಬತ್ತುಗಳನ್ನು ಬಾಯಾರಿಕೆಗೆ ಕಾಯದೆ ಕುಡಿಯುತ್ತಿರಬೇಕು. ತಲೆನೋವು, ವಾಕರಿಕೆ, ಕಾಲಿನ ಸೆಳೆತ ಕಾಣಿಸಿದರೆ ಅದು ಆಯಾಸವೆಂದು ತಳ್ಳಿಹಾಕದೆ ತಣ್ಣನೆಯ ಜಾಗದಲ್ಲಿ ಮಲಗಿಸಿ, ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಒಂದು ಮಾತು ಕೇಳಬೇಕು.

ಒಬ್ಬರಿಗೆ ದೇವಸ್ಥಾನ ಬೇಕು, ಇನ್ನೊಬ್ಬರಿಗೆ ಕಡಲು ಬೇಕು. ಇಬ್ಬರ ಮನಸ್ಸೂ ತುಂಬುವುದು ಹೇಗೆ?

ನಮ್ಮ ಮನೆಯಲ್ಲಿಯೂ ಹೀಗೆಯೇ. ನಮ್ಮ ಮನೆಯವರು ಕೃಷ್ಣನ ದರ್ಶನವಾಗದೆ ಉಡುಪಿಯಿಂದ ಹಿಂದಿರುಗುವವರಲ್ಲ, ನನಗೆ ಮರಳಿನ ಮೇಲೆ ಬರಿಗಾಲಿನಲ್ಲಿ ನಡೆಯದಿದ್ದರೆ ಹೋದದ್ದೇ ವ್ಯರ್ಥ ಅನ್ನಿಸುತ್ತದೆ. ಬೆಳಗು ದೇವರಿಗೆ, ಸಂಜೆ ಕಡಲಿಗೆ ಎಂದು ಹಂಚಿಕೊಂಡೆವು, ಸೆಕೆಯ ಲೆಕ್ಕಕ್ಕೂ ಅದು ಹೊಂದಿತು. ಇಬ್ಬರೂ ಎರಡು ಕಡೆಗೂ ಜೊತೆಯಾಗಿಯೇ ಹೋಗುತ್ತೇವೆ, ಒಬ್ಬರನ್ನು ಕೊಠಡಿಯಲ್ಲಿ ಬಿಟ್ಟು ಇನ್ನೊಬ್ಬರು ಹೋಗುವುದಿಲ್ಲ.

ಬೆಳಿಗ್ಗೆ ಬೇಗ ರಥಬೀದಿಗೆ ಹೋದರೆ ಮಠಗಳ ಮುಂದಿನ ರಂಗೋಲಿ ಇನ್ನೂ ಹೊಸದಾಗಿರುತ್ತದೆ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಕೃಷ್ಣನನ್ನು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ ನೋಡಬೇಕು. ಹೊರಗೆ ಕನಕನ ಕಿಂಡಿಯ ಮುಂದೆ ನಿಂತಾಗ ಕನಕದಾಸರು ಹೊರಗೇ ನಿಂತು ಹಾಡಿದ ಕಥೆಯನ್ನು ನೆನೆಯದ ಕನ್ನಡಿಗರಿಲ್ಲ. ಅಷ್ಟಮಠಗಳ ಯತಿಗಳು ಎರಡು ವರ್ಷಕ್ಕೊಬ್ಬರಂತೆ ಪೂಜೆಯ ಹೊಣೆ ವಹಿಸಿಕೊಳ್ಳುವ ಪರ್ಯಾಯೋತ್ಸವ ಸಮಸಂಖ್ಯೆಯ ವರ್ಷಗಳ ಜನವರಿ 18ರಂದು ನಡೆಯುತ್ತದೆ. ಅಂಥ ವರ್ಷದಲ್ಲಿ ಆ ವಾರ ಉಡುಪಿಯಲ್ಲಿ ಕೊಠಡಿ ಸಿಗುವುದು ಕಷ್ಟ. ಏಕಾದಶಿಯ ದಿನ ಮಠದಲ್ಲಿ ಭೋಜನ ಇರುವುದಿಲ್ಲ ಎಂಬುದನ್ನೂ ಪಂಚಾಂಗ ನೋಡಿ ತಿಳಿದುಕೊಳ್ಳಿ. ಗಂಡಸರು ಪಂಚೆ, ಶಲ್ಯ ಒಯ್ಯಲಿ, ಕರಾವಳಿಯ ಅನೇಕ ದೇವಸ್ಥಾನಗಳಲ್ಲಿ ಅಂಗಿ ತೆಗೆದೇ ಒಳಗೆ ಹೋಗಬೇಕು.

ಸಂಜೆಗೆ ಎರಡು ಜಾಗಗಳನ್ನು ಹೇಳುತ್ತೇನೆ. ಒಂದು, ಕಾಪುವಿನ ದೀಪಸ್ತಂಭ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ ಇದನ್ನು ಸಂಜೆ ಕೆಲವು ಗಂಟೆಗಳ ಕಾಲ ಹತ್ತಲು ಬಿಡುತ್ತಾರೆ, ಮೇಲಿನಿಂದ ಎರಡು ಕಡೆಗೂ ಕಣ್ಣು ಹರಿಯುವವರೆಗೆ ತೆಂಗಿನ ಸಾಲು ಕಾಣುತ್ತದೆ. ಇನ್ನೊಂದು, ಮಲ್ಪೆಯಿಂದ ಪಡುಕೆರೆಯ ಮೂಲಕ ಮಟ್ಟುವಿನ ಕಡೆಗೆ ಹೋಗುವ ಚಿಕ್ಕ ರಸ್ತೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ತೆಂಗಿನ ತೋಟದ ಮನೆಗಳು. ಹೆದ್ದಾರಿಯ ಮೇಲೆ ಇಂಥದೇ ನೋಟ ಬೇಕಾದವರು ಕುಂದಾಪುರ ದಾಟಿ ಮರವಂತೆಗೆ ಹೋಗಬೇಕು, ಅಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸೌಪರ್ಣಿಕಾ ನದಿ. ಅಲ್ಲಿ ಗಾಡಿಗಳು ವೇಗವಾಗಿ ಬರುವುದರಿಂದ ಫೋಟೊಕ್ಕಾಗಿ ರಸ್ತೆ ದಾಟುವಾಗ ಎಚ್ಚರ ಬೇಕು. ಕತ್ತಲಾದ ಮೇಲೆ ಜನವಿಲ್ಲದ ತೀರದಲ್ಲಿ ಇಬ್ಬರೇ ಕೂರಬೇಡಿ. ತುರ್ತು ಸಹಾಯಕ್ಕೆ 112 ಎಂಬ ಸಂಖ್ಯೆ ನೆನಪಿನಲ್ಲಿರಲಿ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲು ಎಷ್ಟು ಹೊತ್ತು ಬೇಕು?

ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಬರಲು ಅರ್ಧ ದಿನ ಇಟ್ಟುಕೊಳ್ಳಿ. ಸ್ಥಳೀಯರು ಇದನ್ನು ತೋನ್ಸೆಪಾರ್ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಬೇರೆಯಾದ ಕಾಲದ ಲಾವಾ ತಣಿದು, ಬಿರುಕು ಬಿಟ್ಟು, ಆರು ಮುಖಗಳ ಕಂಬಗಳಂತೆ ನಿಂತಿರುವ ಬಂಡೆಗಳಿಗಾಗಿ ಈ ದ್ವೀಪ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಹಳೇಬೀಡಿನ ಕಂಬಗಳನ್ನು ನೋಡಿ ಬೆಳೆದ ನಮಗೆ, ಉಳಿ ಮುಟ್ಟದ ಕಲ್ಲು ತಾನಾಗಿ ಇಷ್ಟು ಅಳತೆಗೆ ನಿಂತಿದೆ ಎಂದರೆ ನಂಬಲು ಹೊತ್ತು ಹಿಡಿಯುತ್ತದೆ. ಬೆಳಗಿನ ಮೊದಲ ದೋಣಿಗೇ ಹೋಗಿ, ದ್ವೀಪದಲ್ಲಿ ನೆರಳು ಕಡಿಮೆ.

ಕಡಲಿಗೆ ಇಳಿಯುವುದು ಸುರಕ್ಷಿತವೇ? ನಮಗೆ ಕೆರೆಯಲ್ಲಿ ಈಜಿ ಅಭ್ಯಾಸವಿದೆ.

ಕೆರೆಯ ಈಜಿನ ಧೈರ್ಯವೇ ಕಡಲಿನಲ್ಲಿ ಅಪಾಯ. ದಡಕ್ಕೆ ಬಂದ ಅಲೆಗಳ ನೀರು ಒಂದು ಕಿರಿದಾದ ಜಾಡಿನಲ್ಲಿ ರಭಸದಿಂದ ಕಡಲಿಗೆ ಮರಳುತ್ತದೆ, ಆ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡಕ್ಕೆ ಈಜಲು ಹೋಗಿ ದಣಿದು ಮುಳುಗುತ್ತಾರೆ. ಅಲೆಗಳು ಒಡೆಯದೆ ಶಾಂತವಾಗಿ ಕಾಣುವ ಜಾಗವೇ ಅನೇಕ ಸಲ ಈ ಸೆಳೆತದ ಜಾಗ. ಒಂದು ವೇಳೆ ಸಿಕ್ಕಿದರೆ ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡದ ಕಡೆಗೆ ತಿರುಗಬೇಕು. ಜೀವರಕ್ಷಕರು ಇರುವ ತೀರಗಳಲ್ಲಿ ಮಾತ್ರ, ಸೊಂಟಕ್ಕಿಂತ ಕೆಳಗಿನ ನೀರಿನವರೆಗೆ ಮಾತ್ರ ಇಳಿಯಿರಿ, ಕೆಂಪು ಬಾವುಟ ಇದ್ದರೆ ಪಾದವನ್ನೂ ಇಡಬೇಡಿ. ಅಳಿವೆಗಳಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆಗಳಲ್ಲಿ, ನೀರು ಎಷ್ಟೇ ತಿಳಿಯಾಗಿ ಕಂಡರೂ ಇಳಿಯಬಾರದು. ಜೀವರಕ್ಷಕರು ಸೀಟಿ ಊದಿದಾಗ ಅವರೊಡನೆ ವಾದಿಸುವ ನಮ್ಮ ಕಡೆಯ ಯುವಕರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಊಟಕ್ಕೆ ತೊಂದರೆಯಾಗುತ್ತದೆಯೇ?

ಮುದ್ದೆ ಸಿಗುವುದಿಲ್ಲ, ಆ ಒಂದು ಕೊರತೆಗೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಹಲವು ಕಡೆ ದಪ್ಪ ಕಾಳಿನ ಕುಚ್ಚಲಕ್ಕಿ ಅನ್ನ ಬಡಿಸುತ್ತಾರೆ, ಅಭ್ಯಾಸವಿಲ್ಲದವರು ಬೆಳ್ತಿಗೆ ಅನ್ನ ಎಂದು ಕೇಳಿದರೆ ನಮ್ಮ ಕಡೆಯ ಬಿಳಿ ಅನ್ನ ಬರುತ್ತದೆ. ಬೆಳಿಗ್ಗೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಬನ್ಸ್, ಸಂಜೆ ಗೋಳಿಬಜೆ, ರಾತ್ರಿ ಊಟದ ಬಳಿಕ ಗಡ್‌ಬಡ್ ಐಸ್‌ಕ್ರೀಮ್, ಇವನ್ನು ಬಿಡಬೇಡಿ. ಮಟ್ಟುಗುಳ್ಳದ ಹುಳಿ ಎಲ್ಲಿಯಾದರೂ ಸಿಕ್ಕರೆ ಅದೃಷ್ಟ. ಮಟ್ಟು ಗ್ರಾಮದ ಈ ದುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ, ಇದರ ಬೀಜವನ್ನು ಸೋದೆ ಮಠದ ಯತಿ ವಾದಿರಾಜರು ಕೊಟ್ಟರೆಂಬ ನಂಬಿಕೆ ಅಲ್ಲಿಯ ರೈತರಲ್ಲಿದೆ.

ಮೀನು ತಿನ್ನುವವರು ಬಂಗುಡೆ, ಬೂತಾಯಿಗಳಿಂದ ಆರಂಭಿಸಿ, ಅಂಜಲ್, ಕಾಣೆ, ಮಾಂಜಿಗಳ ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಹೇಳುವ ಮೊದಲೇ ಬೆಲೆ ಕೇಳಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆಗ ಸಿಗುವ ಮೀನು ಕಡಿಮೆ, ಬೆಲೆ ಹೆಚ್ಚು.

ನಮಗೆ ತುಳು ಬರುವುದಿಲ್ಲ. ತೊಂದರೆಯಿದೆಯೇ?

ಏನೂ ಇಲ್ಲ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರೆಲ್ಲರೂ ನಮ್ಮೊಡನೆ ಅಚ್ಚುಕಟ್ಟಾದ ಕನ್ನಡದಲ್ಲಿಯೇ ಮಾತನಾಡುತ್ತಾರೆ. ‘ಉಂಟು’, ‘ಎಂತ’, ‘ಮಾರಾಯ್ರೆ’ ಎಂಬ ಮಾತುಗಳು ಒಂದು ದಿನದಲ್ಲಿ ಕಿವಿಗೆ ಒಗ್ಗುತ್ತವೆ. ನಾವು ಗಮನಿಸಬೇಕಾದದ್ದು ನಮ್ಮ ಮಾತನ್ನು. ಹಾಸನದ ಕಡೆ ಸಲುಗೆಯಿಂದ ‘ಬಾ, ಕೊಡು’ ಎನ್ನುವುದು ಅಲ್ಲಿ ಒರಟಾಗಿ ಕೇಳಿಸುತ್ತದೆ, ಹೋಟೆಲಿನಲ್ಲಿ ಬಡಿಸುವ ಹುಡುಗನಿಗೂ ‘ನೀವು’ ಎನ್ನುವುದು ಅಲ್ಲಿಯ ಮರ್ಯಾದೆ. ಕುಂದಾಪುರದ ಕಡೆಗೆ ಹೋದರೆ ಅಲ್ಲಿಯ ಕನ್ನಡವೇ ಬೇರೆ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿದರೆ ನಗುತ್ತಲೇ ಬಿಡಿಸಿ ಹೇಳುತ್ತಾರೆ.

ಯಕ್ಷಗಾನ, ಭೂತದ ಕೋಲಗಳನ್ನು ನೋಡಬಹುದೇ?

ಚಳಿಗಾಲದಲ್ಲಿ ಹೋದರೆ ಅವಕಾಶವಿದೆ. ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಆರಂಭವಾಗಿ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತುಳುನಾಡಿನಲ್ಲಿ ಆ ವರ್ಷದ ಆಟಗಳು ಮುಗಿಯುವ ದಿನದವರೆಗೆ, ನಡೆಯುತ್ತದೆ, ಬಯಲಾಟಗಳಿಗೆ ಹಣವಿಲ್ಲ, ಯಾರು ಬೇಕಾದರೂ ಕುಳಿತು ನೋಡಬಹುದು. ಕೋಲ ಪ್ರದರ್ಶನವಲ್ಲ, ಒಂದು ಊರಿನ, ಒಂದು ಮನೆತನದ ಆರಾಧನೆ. ಕರೆದರೆ ಹೋಗಿ, ಚಪ್ಪಲಿ ಬಿಟ್ಟು ದೂರ ನಿಲ್ಲಿ, ಕೇಳದೆ ಮೊಬೈಲ್ ಎತ್ತಬೇಡಿ.

ಒಟ್ಟು ಖರ್ಚು ಎಷ್ಟಾಗಬಹುದು?

ಹಾಸನದಿಂದ ಉಡುಪಿಗೆ ಯಾವ ದಾರಿಯಲ್ಲಿ ಹೋದರೂ ಇನ್ನೂರು ಕಿಲೋಮೀಟರಿನ ಮೇಲಾಗುತ್ತದೆ. ಅಲ್ಲಿನ ತಿರುಗಾಟವೂ ಸೇರಿ ಒಟ್ಟು 600 ಎಂದಿಟ್ಟುಕೊಂಡರೆ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 40 ಲೀಟರ್ ಪೆಟ್ರೋಲ್ ಬೇಕು. ಕೊಠಡಿಯ ಬಾಡಿಗೆ ಡಿಸೆಂಬರ್ ಕೊನೆಯ ವಾರ ಏರುತ್ತದೆ, ಜನವರಿಯ ವಾರದ ನಡುವಿನ ದಿನಗಳಲ್ಲಿ ಇಳಿಯುತ್ತದೆ. ಹೆದ್ದಾರಿಯ ಸುಂಕಕ್ಕೆ ಫಾಸ್ಟ್ಯಾಗ್‌ನಲ್ಲಿ ಹಣ ಇರಲಿ.

ಬರುವಾಗ ದಾರಿಯಲ್ಲಿ ನಿಂತು ನೋಡುವಂಥದ್ದು ಏನಿದೆ?

ಕಾರ್ಕಳದ ಗೊಮ್ಮಟ. ಶ್ರವಣಬೆಳಗೊಳದ ಜಿಲ್ಲೆಯವರಾದ ನಾವು ಇದನ್ನು ನೋಡದೆ ಘಟ್ಟ ಹತ್ತಬಾರದು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಮೂರ್ತಿ ಅದು. ನಮ್ಮ ಬೆಟ್ಟದ ಗೊಮ್ಮಟನಿಗಿಂತ ನಾಲ್ಕೂವರೆ ಶತಮಾನ ಚಿಕ್ಕವನು, ಎತ್ತರದಲ್ಲಿಯೂ ಕಡಿಮೆ, ಆದರೆ ಬಂಡೆಯ ಮೇಲೆ ಪಶ್ಚಿಮ ಘಟ್ಟದ ಸಾಲಿನ ಎದುರಿಗೆ ನಿಂತಿರುವ ಪರಿ ಬೇರೆಯೇ. ಸಮಯವಿದ್ದರೆ 18 ಕಿಲೋಮೀಟರ್ ದೂರದ ಮೂಡುಬಿದಿರೆಗೆ ಹೋಗಿ ಸಾವಿರ ಕಂಬದ ಬಸದಿಯನ್ನು ನೋಡಿ, ವೇಣೂರಿನ 1604ರ ಗೊಮ್ಮಟನನ್ನೂ ಕಂಡು, ಗುರುವಾಯನಕೆರೆಗೆ ಬಂದು ಚಾರ್ಮಾಡಿಯ ದಾರಿ ಹಿಡಿಯಬಹುದು. ಹಾಗೆ ಮಾಡುವುದಾದರೆ ಉಡುಪಿಯನ್ನು ಬೆಳಿಗ್ಗೆ ಏಳಕ್ಕೇ ಬಿಡಬೇಕು. ಭಾನುವಾರ ಸಂಜೆ ಘಟ್ಟಗಳಲ್ಲಿ ಬೆಂಗಳೂರಿಗೆ ಮರಳುವವರ ಗಾಡಿಗಳ ಸಾಲು ಇರುವುದರಿಂದ ಮಧ್ಯಾಹ್ನ ಮೂರರೊಳಗೆ ಕೊಟ್ಟಿಗೆಹಾರ ಮುಟ್ಟಿದರೆ ನೆಮ್ಮದಿ. ಮನೆಗೆ ಬಂದ ಮರುದಿನ ಕಾರಿನ ಅಡಿಭಾಗವನ್ನೂ ಸೇರಿಸಿ ಸಿಹಿನೀರಿನಲ್ಲಿ ತೊಳೆಸಿ, ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ.

ಅಲ್ಲಿಂದ ಏನು ತರಬಹುದು?

ಪುನರ್ಪುಳಿಯ ಒಣಸಿಪ್ಪೆ, ಹಲಸಿನ ಹಪ್ಪಳ, ಕಾಲ ಕೂಡಿಬಂದರೆ ಮಟ್ಟುಗುಳ್ಳ. ಒಣಮೀನು ತರುವವರು ಮೂರು ಪದರ ಸುತ್ತಿಸಿ ಡಿಕ್ಕಿಯಲ್ಲಿಡಬೇಕು, ಇಲ್ಲವಾದರೆ ವಾಸನೆ ಶಿವರಾತ್ರಿಯವರೆಗೂ ಕಾರಿನಿಂದ ಹೋಗುವುದಿಲ್ಲ. ನನಗೆ ಮಾತ್ರ ಶಂಕರಪುರದ ಮಲ್ಲಿಗೆ ಬೇಕೇಬೇಕು. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚಕ ಪಡೆದಿರುವ ಈ ಹೂವನ್ನು ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡಿನ ಲೆಕ್ಕದಲ್ಲಿ ಮಾರುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ನಿಗದಿಯಾಗುತ್ತದೆ, ಮದುವೆ, ಹಬ್ಬಗಳ ದಿನ ಹಲವು ಪಟ್ಟು ಏರುತ್ತದೆ. ಹೊರಡುವ ದಿನ ನಮ್ಮ ಮನೆಯವರು ರಥಬೀದಿಯ ಕಡೆಯಿಂದ ಬರುವಾಗ ಬೆಲೆ ಎಷ್ಟೆಂದು ಹೇಳದೆ ಎರಡು ಚೆಂಡು ತಂದು ಕೊಡುತ್ತಾರೆ. ಒಂದನ್ನು ಅಲ್ಲಿಯೇ ಮುಡಿದುಕೊಳ್ಳುತ್ತೇನೆ, ಇನ್ನೊಂದನ್ನು ಬಾಳೆ ಎಲೆಯಲ್ಲಿ ಸುತ್ತಿ, ಎಸಿ ಗಾಳಿ ನೇರವಾಗಿ ತಾಗದಂತೆ ಸೀಟಿನ ಕೆಳಗೆ ಇಟ್ಟುಕೊಂಡು ಬಂದರೆ ಅತ್ತೆಯವರ ಸಂಜೆಯ ದೀಪದ ಹೊತ್ತಿಗೆ ಮೊಗ್ಗು ಅರಳದೆ ಹಾಗೆಯೇ ಇರುತ್ತದೆ.